ಅಪ್ಪನಿಗೆ ನೀರು ಕೊಡದವನು

ಹೋದ ಬೇಸಿಗೆಯ ಒಂದು ರಾತ್ರಿ ಅಪ್ಪ ನನ್ನನ್ನು ಎಬ್ಬಿಸಿ ನೀರು ಕೇಳಿದ. ನಾನು ಕೊಡಲಿಲ್ಲ.

ಇದನ್ನು ಬರೆಯಬಾರದು ಅಂತ ಬಹಳ ದಿನ ಸುಮ್ಮನಿದ್ದೆ. ನೀರಿನ ಮೇಲೆ ಪದ್ಯ ಬರೆದವನು ನಾನು. ಊರ ಬಾವಿಯ ಮೇಲೆ, ಕೆರೆಯ ಮೇಲೆ, ಎತ್ತರದಿಂದ ಹುಯ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದ ನನ್ನ ಜನದ ಮೇಲೆ ಬರೆದು, ಸಭೆಗಳಲ್ಲಿ ಓದಿ ಚಪ್ಪಾಳೆ ತಗೊಂಡವನು. ಅಂಥವನು ನಡುರಾತ್ರಿ ನೀರಿನ ಬಿಂದಿಗೆಯನ್ನು ಒಳಗೆ ಸಾಗಿಸಿ ಬಾಗಿಲ ಚಿಲಕ ಹಾಕಿದೆ. ಅಪ್ಪ ಕತ್ತಲಲ್ಲೇ ಅಂದ: "ಗೌಡ್ರು ಮನೇಲಿ ಎತ್ತರದಿಂದಾದ್ರೂ ಉಯ್ತಿದ್ರು ಕನ್ಲಾ ಮಗ. ನೀನು ಅದೂ ಇಲ್ಲ."

ಅಪ್ಪನ ಎರಡು ಮೂತ್ರಪಿಂಡಗಳೂ ಕೆಲಸ ನಿಲ್ಲಿಸಿವೆ. ನಮ್ಮ ಕೇರಿಯಲ್ಲಿ ಇದಕ್ಕೆ 'ಕಿಡ್ನಿ ಹೋಗದೆ' ಅಂತಾರೆ, ಬಸ್ಸು ಹೋಗದೆ ಅಂದಹಾಗೆ. ಕುಡಿದ ನೀರು ಹೊರಕ್ಕೆ ಹೋಗುವ ದಾರಿಯಿಲ್ಲ. ಅದು ಕಾಲಿಗೆ ಇಳಿಯುತ್ತದೆ, ಮುಖಕ್ಕೆ ಏರುತ್ತದೆ, ಕೊನೆಗೆ ಶ್ವಾಸಕೋಶಕ್ಕೆ ತುಂಬಿಕೊಂಡು ಮನುಷ್ಯ ಒಣನೆಲದ ಮೇಲೆ ಮಲಗಿದ್ದ ಹಾಗೇ ಮುಳುಗಿಹೋಗುತ್ತಾನೆ. ಅದಕ್ಕೇ ಡಾಕ್ಟರು ಅಪ್ಪನಿಗೆ ದಿನಕ್ಕೆ ಒಂದು ಲೀಟರು ಅಂತ ಕಟ್ಟು ಹಾಕಿದ್ದಾರೆ. ಸಾರು, ಕಾಫಿ, ಮಜ್ಜಿಗೆ ಎಲ್ಲಾ ಸೇರಿ ಒಂದು ಲೀಟರು. ಅವತ್ತು ಶುಕ್ರವಾರ. ಆ ದಿನದ ಲೀಟರು ಸಂಜೆಗೇ ಮುಗಿದಿತ್ತು. ಮುಂದಿನ ಡಯಾಲಿಸಿಸ್ ಸೋಮವಾರ.

*

ನಮ್ಮದು ಮಂಡ್ಯ ಸೀಮೆ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಗದ್ದೆ ಹಸಿರಾಯಿತು ಅಂತ ಶಾಲೆಯ ಪಾಠದಲ್ಲಿತ್ತು. ನಾನೂ ಬಾಯಿಪಾಠ ಮಾಡಿ ಒಪ್ಪಿಸಿ ಮಾರ್ಕ್ಸು ತಗೊಂಡಿದ್ದೆ. ಆ ಹಸಿರು ಗದ್ದೆಯಲ್ಲಿ ನಮ್ಮದು ಒಂದು ಗುಂಟೆಯೂ ಇಲ್ಲ. ಅದರಲ್ಲಿ ಕಬ್ಬು ಕಡಿಯುವ ಕೈ ಮಾತ್ರ ನಮ್ಮದು.

ಅಪ್ಪ ಮೂವತ್ತು ವರ್ಷ ಕಬ್ಬು ಕಡಿದ. ಕಡಿಯೋದು ಇಲ್ಲದಾಗ ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಉರಿ ಹಾಕಿದ. ಮೇಲೆ ಬಿಸಿಲು, ಮುಂದೆ ಬೆಂಕಿ. ಗದ್ದೆಯ ಬದುವಿನಲ್ಲಿ ನೀರಿನ ಕೊಡ ಇರುತ್ತಿತ್ತು. ಆದರೆ ಅದು ಅವರ ಕೊಡ. ನಾವು ಮುಟ್ಟುವ ಹಾಗಿಲ್ಲ. ಯಾರಾದರೂ ಬಂದು ಹುಯ್ಯಬೇಕು. ಹುಯ್ಯುವವರು ಆ ಕಡೆ ಹೋಗಿದ್ದರೆ ಅವರು ಬರುವ ತನಕ ಕಾಯಬೇಕು. ಕಡಿದ ತೂಕಕ್ಕೆ ಕೂಲಿ. ಕಾಯುತ್ತಾ ನಿಂತರೆ ಕೂಲಿ ಹೋಯಿತು. "ಕೇಳಿ ಕೇಳಿ ಸಾಕಾಗಿ ದಾಹಾನೇ ಮರ್ತುಬುಡಾದು ಕಲ್ತ್ಕಂಡಿದ್ದೆ" ಅಂತ ಅಪ್ಪ ಈಗ ಹೇಳುತ್ತಾನೆ.

ರಾತ್ರಿ ಬಂದರೆ ಮೈಕೈ ನೋವು. ಬೆಳಗ್ಗೆ ಮತ್ತೆ ಮಚ್ಚು ಹಿಡಿಯಬೇಕಲ್ಲ? ಅಂಗಡಿಯಲ್ಲಿ ಬಿಡಿಯಾಗಿ ಕೊಡುವ ನೋವಿನ ಮಾತ್ರೆ ತಂದು ನುಂಗುತ್ತಿದ್ದ. ಎಷ್ಟೋ ಸಲ ಹೋಗಿ ತಂದುಕೊಟ್ಟವನು ನಾನೇ. ಡೈಕ್ಲೋಫೆನಾಕ್ ಅಂತ ಅದರ ಹೆಸರು ಎಂಬುದು ಆಮೇಲೆ ಗೊತ್ತಾಯಿತು. ನೀರಿಲ್ಲದೆ ಒಣಗಿದ ಮೈಗೆ ಅಂಥ ಮಾತ್ರೆ ಬಿದ್ದರೆ ಮೂತ್ರಪಿಂಡಕ್ಕೆ ಹೋಗುವ ರಕ್ತವೇ ಕಮ್ಮಿಯಾಗುತ್ತದೆ ಎಂಬುದೂ ಆಮೇಲೆ ಗೊತ್ತಾಯಿತು. ನನ್ನ ಬಿ.ಎ.ಯ ಮೂರು ವರ್ಷದ ಫೀಜು, ಹಾಸ್ಟೆಲಿನ ಖರ್ಚು, ಹಾಕಿಕೊಂಡ ಪ್ಯಾಂಟು ಎಲ್ಲವೂ ಆ ಮಾತ್ರೆ ನುಂಗಿದ ಮೈ ದುಡಿದದ್ದು. ನಮ್ಮ ವಂಶದಲ್ಲಿ ಮೊದಲ ಪದವೀಧರ ನಾನು ಅಂತ ಸನ್ಮಾನ ಮಾಡಿದಾಗ ಅಪ್ಪ ಸಭೆಯ ಹಿಂದೆ ನಿಂತಿದ್ದ. ಅವನ ಕಾಲು ಆಗಲೇ ಊದಿತ್ತು. ನಾನು ನೋಡಲಿಲ್ಲ.

2019ರಲ್ಲಿ ವಾಂತಿ ನಿಲ್ಲದೆ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಎಲ್ಲಾ ಮುಗಿದುಹೋಗಿತ್ತು. ಸಕ್ಕರೆ ಕಾಯಿಲೆ ಇಲ್ಲ. ಬಿ.ಪಿ. ಯಾವಾಗ ಬಂತೋ ಯಾರೂ ನೋಡಿಲ್ಲ. ಕಾರಣ ಬರೆಯುವ ಜಾಗದಲ್ಲಿ ಡಾಕ್ಟರು 'ತಿಳಿದಿಲ್ಲ' ಅಂತ ಬರೆದರು. ಅವರ ತಪ್ಪಲ್ಲ. ಎಲ್ ಸಾಲ್ವಡಾರ್, ನಿಕರಾಗುವ ದೇಶಗಳಲ್ಲಿ ಕಬ್ಬು ಕಡಿಯುವ ಕೂಲಿಗಳು ಹರೆಯದಲ್ಲೇ ಹೀಗೆ ಮೂತ್ರಪಿಂಡ ಕಳಕೊಂಡು ಸತ್ತಿದ್ದಾರೆ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲಿ, ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತದ ಭತ್ತದ ಸೀಮೆಯಲ್ಲಿ ಊರೂರೇ ಹೀಗೆ ಬಿದ್ದಿವೆ. ಅಲ್ಲೆಲ್ಲ ಡಾಕ್ಟರುಗಳು 'ಕಾರಣ ತಿಳಿಯದ ಮೂತ್ರಪಿಂಡ ಕಾಯಿಲೆ' ಅಂತಲೇ ಕರೆದಿದ್ದಾರೆ. ಬಿಸಿಲು, ನಿರ್ಜಲ, ಕುಡಿಯುವ ನೀರು, ಕೀಟನಾಶಕ ಅಂತ ಒಂದೊಂದನ್ನೇ ಹುಡುಕುತ್ತಿದ್ದಾರೆ. ಹುಡುಕಲಿ. ಆದರೆ ಕೊಡ ಮುಟ್ಟಬಾರದು ಅನ್ನುವುದನ್ನು ಅಳೆಯುವ ಲ್ಯಾಬು ಎಲ್ಲಿದೆ? ಅಪ್ಪನ ಕಾಯಿಲೆಗೆ ಅದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಕಾರಣ ಹುಡುಕುವವರ ಪಟ್ಟಿಯಲ್ಲಿ ಅದೂ ಇರಲಿ ಅನ್ನುತ್ತೇನೆ.

*

ಡಯಾಲಿಸಿಸ್ ಅಂದರೆ ಏನು ಅಂತ ನಮ್ಮ ಕೇರಿಗೆ ನಾನೇ ಮೇಷ್ಟ್ರಾಗಿ ಹೇಳಿಕೊಡಬೇಕಾಯಿತು. ಕೈಯ ಒಂದು ಧಮನಿಯನ್ನು ಸಿರೆಗೆ ಸೇರಿಸಿ ಹೊಲಿಯುತ್ತಾರೆ. ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಅದು ಬಲಿಯೋದಕ್ಕೆ ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಕತ್ತಿನಲ್ಲಿ ನಳಿಕೆ. ಆಮೇಲೆ ಎರಡು ದಪ್ಪ ಸೂಜಿ ಚುಚ್ಚಿ, ಒಂದರಿಂದ ರಕ್ತ ಎಳೆದು, ತೊಳೆದು, ಇನ್ನೊಂದರಿಂದ ವಾಪಸ್ಸು ಬಿಡುತ್ತಾರೆ. ಒಂದು ಸಲಕ್ಕೆ ನಾಲ್ಕು ಗಂಟೆ. ವಾರಕ್ಕೆ ಮೂರು ಸಲ ಆಗಬೇಕು. ನಮ್ಮ ದೇಶದಲ್ಲಿ ಬಹಳ ಜನಕ್ಕೆ ಸಿಗುವುದು ಎರಡೇ ಸಲ. ಅಪ್ಪನ ಫಿಸ್ಟುಲಾದ ಮೇಲೆ ಬೆರಳಿಟ್ಟರೆ ಒಳಗೆ ಗುಂಯ್ ಅಂತ ಅದುರುತ್ತದೆ. ಅಪ್ಪ ತಮಟೆ ಬಾರಿಸುತ್ತಿದ್ದವನು. "ದೂರದಲ್ಲಿ ಯಾವ್ದೋ ಊರ್ನಲ್ಲಿ ತಮ್ಟೆ ಬಡೀತಾವ್ರೆ ಕನಾ" ಅಂತ ನಗುತ್ತಾನೆ. ಆ ಸದ್ದು ನಿಂತರೆ ಫಿಸ್ಟುಲಾ ಕಟ್ಟಿಕೊಂಡಿತು ಅಂತ ಅರ್ಥ. ದಿನಾ ಬೆಳಗ್ಗೆ ಅವ್ವ ಆ ಕೈಗೆ ಕಿವಿಯಿಟ್ಟು ಕೇಳುತ್ತಾಳೆ.

ಮೊದಲು ಹೋದದ್ದು ಖಾಸಗಿ ಆಸ್ಪತ್ರೆಗೆ. ಸಲಕ್ಕೆ 1,800 ರೂಪಾಯಿ. ತಿಂಗಳಿಗೆ ಎಂಟು ಸಲ ಅಂದರೆ 14,400. ಆಗ ಅಪ್ಪನಿಗೆ ಸಿಗುತ್ತಿದ್ದ ದಿನಗೂಲಿ 400. ಅಂದರೆ ಒಂದು ತಿಂಗಳು ಬದುಕೋದಕ್ಕೆ 36 ದಿನದ ಕೂಲಿ ಬೇಕು. ತಿಂಗಳಿಗೆ 36 ದಿನ ಎಲ್ಲಿಂದ ತರೋಣ ಗೆಳೆಯರೆ? ರಕ್ತ ಏರಿಸುವ ಇಂಜೆಕ್ಷನ್ನು, ಬಸ್ಸು, ಜೊತೆಗೆ ಹೋದವರ ಕೂಲಿ ಬೇರೆ. ಮೊದಲು ಕುರಿ ಹೋದವು. ಆಮೇಲೆ ಅವ್ವನ ಓಲೆ. ಆಮೇಲೆ ಸಂಘದ ಸಾಲ. ನಾನು ಎಂ.ಎ.ಗೆ ಕಟ್ಟಿದ್ದ ಫೀಜನ್ನು ವಾಪಸ್ಸು ಕೇಳಿದೆ, ಕೊಡಲಿಲ್ಲ.

ಕೊನೆಗೆ ಸರ್ಕಾರಿ ಆಸ್ಪತ್ರೆ. 2016ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಖಾಸಗಿಯವರ ಸಹಭಾಗಿತ್ವದಲ್ಲಿ ಯಂತ್ರ ಕೂರಿಸೋದು, ಬಡತನದ ರೇಖೆಯ ಕೆಳಗಿನವರಿಗೆ ಉಚಿತ. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಯಂತ್ರ ಬಂದವು. ಇದು ಸಣ್ಣ ಮಾತಲ್ಲ. ಆ ಯಂತ್ರ ಇಲ್ಲದಿದ್ದರೆ ಅಪ್ಪ ಇವತ್ತು ಇರುತ್ತಿರಲಿಲ್ಲ. ಅದನ್ನು ಮರೆತು ಬೈದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಆದರೆ ನಾವು ಹೋದ ಕಡೆ ಯಂತ್ರ ಮೂರು, ನಡೆಯುತ್ತಿದ್ದದ್ದು ಎರಡು. ಒಂದು ಯಂತ್ರಕ್ಕೆ ದಿನಕ್ಕೆ ಮೂರು ಜನ, ವಾರಕ್ಕೆ ಆರು ದಿನ. ಒಬ್ಬರಿಗೆ ಎರಡು ಸಲ ಅಂದರೆ ಒಂದು ಯಂತ್ರ ಒಂಬತ್ತು ಜನರನ್ನು ಬದುಕಿಸುತ್ತದೆ. ಎರಡು ಯಂತ್ರಕ್ಕೆ ಹದಿನೆಂಟು ಜನ. ಅಪ್ಪ ಹತ್ತೊಂಬತ್ತನೆಯವನು. ಟೆಕ್ನಿಷಿಯನ್ ಹುಡುಗ, ನಮ್ಮಂಥ ಮನೆಯಿಂದಲೇ ಬಂದವನು, ನನ್ನ ಮುಖ ನೋಡದೆ ಹೇಳಿದ: "ಜಾಗ ಆದ್ರೆ ಫೋನ್ ಮಾಡ್ತೀನಿ ಬ್ರದರ್."

ಜಾಗ ಹೇಗೆ ಆಗುತ್ತದೆ? ಈ ಕಾಯಿಲೆ ವಾಸಿಯಾಗಿ ಯಾರೂ ಮನೆಗೆ ಹೋಗುವುದಿಲ್ಲ. ಕಸಿ ಮಾಡಿಸಿಕೊಳ್ಳುವ ಶಕ್ತಿ ಆ ಹದಿನೆಂಟರಲ್ಲಿ ಒಬ್ಬರಿಗೂ ಇರಲಿಲ್ಲ. ಫೋನಿನ ಮುಂದೆ ಹನ್ನೊಂದು ದಿನ ಕೂತಿದ್ದೆ. ನಾನು ಕಾಯುತ್ತಿದ್ದುದು ಯಾರದೋ ಸಾವಿಗೆ ಎಂಬುದು ನನಗೆ ಗೊತ್ತಿತ್ತು. ಹನ್ನೆರಡನೇ ದಿನ ಫೋನ್ ಬಂತು. ನನಗೆ ಸಂತೋಷವಾಯಿತು. ಆ ಸಂತೋಷವನ್ನು ನಾನು ಇನ್ನೂ ತೊಳೆದುಕೊಂಡಿಲ್ಲ.

*

ಈ ಯಂತ್ರದ ಕತೆ ಓದಿದಾಗ ನನ್ನ ನಾಚಿಕೆಗೆ ಒಂದು ಹೆಸರು ಸಿಕ್ಕಿತು. ಎರಡನೇ ಮಹಾಯುದ್ಧದ ಕಾಲ, ನಾಜಿಗಳ ಕೈಯಲ್ಲಿದ್ದ ಹಾಲೆಂಡಿನಲ್ಲಿ ವಿಲೆಮ್ ಕೋಲ್ಫ್ ಎಂಬ ಎಳೆಯ ವೈದ್ಯ ಮಾಂಸದ ತಿಂಡಿಗೆ ಸುತ್ತುವ ಸೆಲ್ಲೋಫೇನ್ ಹಾಳೆಯ ಕೊಳವೆಯನ್ನು ಒಂದು ಉರುಳೆಗೆ ಸುತ್ತಿ 1943ರಲ್ಲಿ ಕೃತಕ ಮೂತ್ರಪಿಂಡ ಮಾಡಿದ. ಅದರಿಂದ ಮೊದಲು ಬದುಕಿದ ರೋಗಿ 1945ರಲ್ಲಿ. ಯುದ್ಧ ಮುಗಿದ ಮೇಲೆ ಕೋಲ್ಫ್ ತಾನು ಮಾಡಿದ ಯಂತ್ರಗಳನ್ನು ಬೇರೆ ದೇಶಗಳ ಆಸ್ಪತ್ರೆಗಳಿಗೆ ದಾನವಾಗಿ ಕೊಟ್ಟ. ನಮ್ಮಲ್ಲಿ ಬಿಲ್ಲು ಬರೆಯುವವರು ಈ ಮಾತನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

1960ರಲ್ಲಿ ಅಮೆರಿಕದ ಸಿಯಾಟಲ್ಲಿನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಕೈಯಲ್ಲಿ ಬಿಟ್ಟಿರಬಹುದಾದ ನಳಿಕೆ ಕಂಡುಹಿಡಿದ ಮೇಲೆ ವರ್ಷಗಟ್ಟಲೆ ಡಯಾಲಿಸಿಸ್ ಮಾಡಲು ಸಾಧ್ಯವಾಯಿತು. ಹಾಗೆ ಬದುಕಿದ ಮೊದಲನೆಯವನು ಕ್ಲೈಡ್ ಶೀಲ್ಡ್ಸ್, ಯಂತ್ರದ ಕೆಲಸ ಮಾಡುವ ಕಾರ್ಮಿಕ. ಹನ್ನೊಂದು ವರ್ಷ ಬದುಕಿದ. ಆದರೆ ಯಂತ್ರ ಕೆಲವೇ, ರೋಗಿಗಳು ಬಹಳ. ಏಳು ಜನರ ಒಂದು ಸಮಿತಿ ಕೂತಿತು. ವಕೀಲ, ಪಾದ್ರಿ, ಬ್ಯಾಂಕಿನವನು, ಗೃಹಿಣಿ, ಅಧಿಕಾರಿ, ಕಾರ್ಮಿಕ ನಾಯಕ, ಶಸ್ತ್ರವೈದ್ಯ. ಯಾರಿಗೆ ಆಸ್ತಿಯಿದೆ, ಯಾರು ಓದಿದ್ದಾರೆ, ಯಾರು ಚರ್ಚಿಗೆ ಹೋಗುತ್ತಾರೆ ಅಂತೆಲ್ಲ ನೋಡಿ ಯಾರು ಬದುಕಬೇಕು ಅಂತ ತೀರ್ಮಾನ ಮಾಡಿದರು. 1962ರಲ್ಲಿ ಲೈಫ್ ಪತ್ರಿಕೆ ಇದನ್ನು ಬರೆದಾಗ ಜನ ಬೆಚ್ಚಿಬಿದ್ದರು. ಹತ್ತು ವರ್ಷದಲ್ಲಿ, 1972ರಲ್ಲಿ, ಆ ದೇಶ ಡಯಾಲಿಸಿಸ್ಸಿನ ಖರ್ಚನ್ನು ಬಹುಪಾಲು ಸರ್ಕಾರವೇ ಹೊರುವ ಕಾನೂನು ಮಾಡಿತು. ಥೈಲ್ಯಾಂಡ್ ನಮ್ಮ ಹಾಗೆ ಬಡತನ ಕಂಡ ದೇಶವೇ. 2008ರಲ್ಲಿ ಅದು ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ಸನ್ನು ತನ್ನ ಎಲ್ಲರ ಆರೋಗ್ಯ ಯೋಜನೆಯೊಳಕ್ಕೆ ತಂದಿತು. ಹಳ್ಳಿಯವರು ವಾರವಾರ ಬಸ್ಸು ಹತ್ತುವುದು ತಪ್ಪಿತು.

ನಮ್ಮಲ್ಲಿ ಅಂಥ ಸಮಿತಿ ಇಲ್ಲ ಅಂದುಕೊಂಡಿದ್ದೀರಾ? ಇದೆ. ಕೆಟ್ಟುನಿಂತ ಮೂರನೇ ಯಂತ್ರ ಅದರ ಒಬ್ಬ ಸದಸ್ಯ. ಬೆಳಗಿನ ಬಸ್ಸು ಇನ್ನೊಬ್ಬ. ಸಾಲದ ಕಂತು, ತಿಂಗಳುಗಟ್ಟಲೆ ಸಂಬಳ ಕೊಡದ ಗುತ್ತಿಗೆ ಕಂಪನಿ, ರೇಷನ್ ಕಾರ್ಡಿನಲ್ಲಿ ತಪ್ಪಾದ ಹೆಸರು, ಇವರೆಲ್ಲಾ ಸದಸ್ಯರು. ನಮ್ಮ ಸಮಿತಿ ಸಭೆ ಸೇರುವುದಿಲ್ಲ, ಸಹಿ ಹಾಕುವುದಿಲ್ಲ, ಯಾವ ಪತ್ರಿಕೆಗೂ ಸಿಕ್ಕಿಬೀಳುವುದಿಲ್ಲ.

2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆದಾಗ ಬಸ್ಸು ನಿಂತವು. ಪಕ್ಕದ ಮನೆಯವರ ಟಿವಿಎಸ್ ಗಾಡಿ ಕೇಳಿಕೊಂಡು ಅಪ್ಪನನ್ನು ಹಿಂದೆ ಕೂರಿಸಿ, ನನ್ನ ಸೊಂಟಕ್ಕೆ ಅವನನ್ನು ಟವೆಲಿನಲ್ಲಿ ಕಟ್ಟಿಕೊಂಡು ಹೋದೆ. ಪೊಲೀಸರು ಅಡ್ಡ ಹಾಕಿ ಲಾಠಿ ಎತ್ತಿದರು. ಅಪ್ಪ ಮಾತಾಡದೆ ತೋಳು ಮಡಚಿ ಕೈ ತೋರಿಸಿದ, ಗಂಟುಗಂಟಾಗಿ ಎದ್ದ ಫಿಸ್ಟುಲಾ, ಸೂಜಿಯ ಕಲೆ. ಲಾಠಿ ಕೆಳಗಿಳಿಯಿತು. ಅಪ್ಪನ ಪಕ್ಕದ ಹಾಸಿಗೆಯ ಹೆಂಗಸಿಗೆ ಗಾಡಿ ಸಿಗಲಿಲ್ಲ. ಮೂರು ಸರದಿ ತಪ್ಪಿತು. ನಾಲ್ಕನೇ ಸರದಿಗೆ ಅವಳ ಜಾಗಕ್ಕೆ ಬೇರೊಬ್ಬರು ಬಂದಿದ್ದರು. ಅವರ ಮಗನೂ ನನ್ನ ಹಾಗೆ ಸಂತೋಷಪಟ್ಟಿರಬೇಕು.

*

ಊಟದ ಚೀಟಿ ಕೊಟ್ಟ ಹೆಣ್ಣುಮಗಳು ಒಳ್ಳೆಯವಳು, ತಾಳ್ಮೆಯಿಂದ ಹೇಳಿದಳು. ಎಳನೀರು ಬೇಡ, ಬಾಳೆಹಣ್ಣು ಬೇಡ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಹೃದಯ ನಿಂತುಹೋಗಬಹುದು. ಕಾಯಿಲೆಯವರನ್ನು ನೋಡಲು ಬರುವ ನೆಂಟರು ತರುವುದೇ ಅವೆರಡನ್ನು! ಸೊಪ್ಪನ್ನು ಬೇಯಿಸಿ ನೀರು ಬಸಿದು ಚೆಲ್ಲಿಬಿಡಿ ಅಂದಳು. ಅವ್ವ ಪೆಚ್ಚಾಗಿ ನನ್ನ ಮುಖ ನೋಡಿದಳು. "ಬಸ್ದಿದ್ ಕಟ್ಟು ಚೆಲ್ಬುಟ್ರೆ ಸಾರು ಯಾತುರ್ದ್ರಲ್ಲಿ ಮಾಡಾದವ್ವ?" ನಮ್ಮ ಮನೆಯ ಸಾರೇ ಬಸ್ಸಾರು. ಬಸಿದ ನೀರೇ ಊಟ. ಪುಸ್ತಕದಲ್ಲಿ ಅದು ಚೆಲ್ಲುವ ವಸ್ತು.

ಅಲ್ಲೇ ಇನ್ನೊಂದು ಲೆಕ್ಕ ಕಲಿತೆ. ಯಂತ್ರದಲ್ಲಿ ರಕ್ತದ ಆಚೆ ಕಡೆ ಶುದ್ಧಮಾಡಿದ ನೀರು ಹರಿಯಬೇಕು. ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆಗೆ 120 ಲೀಟರು. ಅದನ್ನು ಶುದ್ಧಮಾಡುವಾಗ ಚರಂಡಿಗೆ ಹೋಗುವ ನೀರು ಬೇರೆ. ಬದುವಿನ ಕೊಡದಿಂದ ಒಂದು ಬೊಗಸೆ ನೀರಿಗೆ ಕಾದವನ ರಕ್ತ ತೊಳೆಯೋದಕ್ಕೆ ಈಗ ಒಂದು ಸಲಕ್ಕೆ 120 ಲೀಟರು. ಅವತ್ತು ಆ ಬೊಗಸೆಯನ್ನು ಹೊತ್ತುಹೊತ್ತಿಗೆ ಕೊಟ್ಟಿದ್ದರೆ?

1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆಯಿಂದ ನೀರು ಎತ್ತಿ ಕುಡಿದರು. ಅದನ್ನು ನಾವು ಮಾನದ ಹೋರಾಟ ಅಂತ ಓದಿದೆವು. ಮಾನದ್ದು ಹೌದು. ಅದು ಮೈಯ ಹೋರಾಟವೂ ಹೌದು ಅಂತ ನನಗೆ ತಿಳಿದದ್ದು ಡಯಾಲಿಸಿಸ್ ವಾರ್ಡಿನಲ್ಲಿ.

ನ್ಯಾಯ ಎಲ್ಲೂ ಬರೆದಿಲ್ಲ ಅಂತ ಅಲ್ಲ. ಬಂಗಾಳದಲ್ಲಿ 1992ರಲ್ಲಿ ಒಬ್ಬ ಕೃಷಿಕೂಲಿ ರೈಲಿನಿಂದ ಬಿದ್ದು ತಲೆ ಒಡೆದುಕೊಂಡ. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಅಂತ ಅಟ್ಟಿದವು. ಅವನು ಮತ್ತು ಅವನ ಖೇತ್ ಮಜ್ದೂರ್ ಸಮಿತಿ ಸುಪ್ರೀಂ ಕೋರ್ಟಿಗೆ ಹೋದರು. 1996ರಲ್ಲಿ ಕೋರ್ಟು ಹೇಳಿತು: ಜೀವ ಉಳಿಸುವ ಚಿಕಿತ್ಸೆ ಸಂವಿಧಾನದ 21ನೇ ವಿಧಿಯ ಹಕ್ಕು, ಹಣವಿಲ್ಲ ಅಂತ ಸರ್ಕಾರ ಅದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಕೂಲಿಯವನ ಸಂಘ ಗೆದ್ದ ಹಕ್ಕು ಅದು. ಕೂಲಿಯವರ ಸಂಘಗಳೇ ಅದನ್ನು ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ತರಬೇಕು.

ಅದಕ್ಕೇ ಇದನ್ನು ನಿಮಗೆ ಬರೆದೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆಗೆ ಹೋಗಿ ಕೇಳಿ. ಯಂತ್ರ ಎಷ್ಟು, ನಡೆಯುತ್ತಿರುವುದು ಎಷ್ಟು, ಕಾಯುತ್ತಿರುವವರು ಎಷ್ಟು, ವಾರಕ್ಕೆ ಮೂರು ಸಲ ಯಾಕಿಲ್ಲ, ಟೆಕ್ನಿಷಿಯನ್ನಿಗೆ ಸಂಬಳ ಬಂತಾ? ಬರೆದು ಕೊಡಿ, ಬರೆದ ಉತ್ತರ ಕೇಳಿ. ರೋಗಿಯ ಬಸ್ ಚಾರ್ಜು ಕೇಳಿ. ಸಂಘಟನೆಯ ಗೆಳೆಯರು ಕಬ್ಬಿನ ಗದ್ದೆಯಲ್ಲಿ ಕೂಲಿ ಹೆಚ್ಚಳದ ಜೊತೆಗೇ ನೀರು, ನೆರಳು, ಬಿಡುವು ಕೇಳಬೇಕು. ಎಲ್ಲರೂ ಮುಟ್ಟುವ ಕೊಡದಿಂದ ನೀರು. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಯ ಮಕ್ಕಳ ಅಪ್ಪ ಅವ್ವಂದಿರ ಕಾಲು ಊದಿದ್ದರೆ, ಮುಖ ಊದಿದ್ದರೆ, ಉಚ್ಚೆ ನೊರೆ ಬರುತ್ತಿದ್ದರೆ ಆಸ್ಪತ್ರೆಗೆ ಕಳಿಸಿ. ಬಿ.ಪಿ. ನೋಡಿಸಿ, ಉಚ್ಚೆ ಪರೀಕ್ಷೆ, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ನಮ್ಮ ಮನೆಗೆ ಯಾರಾದರೂ ಎರಡು ವರ್ಷ ಮುಂಚೆ ಅಷ್ಟು ಹೇಳಿದ್ದರೆ ಸಾಕಾಗಿತ್ತು. ಅಂಗಡಿಯ ನೋವಿನ ಮಾತ್ರೆಯನ್ನು ಮಕ್ಕಳ ಕೈಯಲ್ಲಿ ತರಿಸಬೇಡಿ ಅಂತಲೂ ಹೇಳಿ. ತಂದುಕೊಟ್ಟವನು ಹೇಳುತ್ತಿದ್ದೇನೆ.

ಆ ರಾತ್ರಿ ಅಪ್ಪ ಮತ್ತೆ ಕೇಳಲಿಲ್ಲ. ಅವ್ವ ಎದ್ದು ಸೆರಗಿನ ತುದಿ ಒದ್ದೆಮಾಡಿ ಅವನ ತುಟಿ ಒರೆಸಿದಳು. ಬಾಗಿಲ ಹೊಸ್ತಿಲ ಮೇಲೆ ನಾನು ಕಾವಲುಗಾರನ ಹಾಗೆ ಕೂತಿದ್ದೆ. ಬೆಳಗಿನ ಜಾವ ಅಪ್ಪನೇ ಮಾತಾಡಿದ: "ಮಲೀಕಳ್ಲಾ ಮಗ. ನೀನು ಕೊಡ್ದಿದ್ದು ನಾನು ಬದುಕ್ಲಿ ಅಂತ. ಅವ್ರು ಕೊಡ್ದಿದ್ದು ಬ್ಯಾರೆ."

ಸೋಮವಾರ ಐದೂವರೆ ಬಸ್ಸಿಗೆ ಹೋದೆವು. ಅವತ್ತು ಎರಡು ಯಂತ್ರವೂ ನಡೆಯುತ್ತಿದ್ದವು. ಮೂರನೆಯದು ಇನ್ನೂ ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿ ನಿಂತಿದೆ.